ಎದ್ದು ನಿಂತರು, ಹಾಡಲಿಲ್ಲ

1989ರಲ್ಲಿ ನಾನು ಹೊಸಪೇಟೆಯಲ್ಲಿ ಎಂಟನೇ ಕ್ಲಾಸು. ಆ ವರ್ಷ ನಮ್ಮ ಶಾಲೆಗೆ ಹೊಸದಾಗಿ ಒಬ್ಬ ಹುಡುಗ ಸೇರಿದ. ಲೆಕ್ಕದಲ್ಲಿ ಚುರುಕು, ಕಬಡ್ಡಿಯಲ್ಲಿ ಇನ್ನೂ ಚುರುಕು. ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಮಾತ್ರ ಅವನ ತುಟಿ ಅಲುಗುತ್ತಿರಲಿಲ್ಲ. ಎಲ್ಲರ ಹಾಗೆ ನೆಟ್ಟಗೆ ನಿಲ್ಲುತ್ತಿದ್ದ, ಗಲಾಟೆ ಇಲ್ಲ, ನಗು ಇಲ್ಲ. ಆದರೆ ಪ್ರತಿಜ್ಞೆ ಹೇಳುವಾಗ ನಾವೆಲ್ಲ ಬಲಗೈ ಚಾಚಿದರೆ ಅವನ ಕೈ ಪಕ್ಕದಲ್ಲೇ ಇರುತ್ತಿತ್ತು. ಜನಗಣಮನಕ್ಕೂ ಅಷ್ಟೇ. ನಿಂತಿರುತ್ತಿದ್ದ, ಹಾಡುತ್ತಿರಲಿಲ್ಲ.

ನಾನು ಕ್ಲಾಸ್ ಲೀಡರ್. ಸಾಲದ್ದಕ್ಕೆ ಕ್ಲಾಸಿನಲ್ಲಿದ್ದ ಇನ್ನೊಬ್ಬ ಕ್ರೈಸ್ತ ಹುಡುಗನೂ ನಾನೇ. ನಮ್ಮನೆಯಲ್ಲಿ ಅಮ್ಮ ಒಂದನೇ ಕ್ಲಾಸಿನಿಂದಲೇ ಹೇಳಿಕೊಟ್ಟಿದ್ದ ಮಾತೊಂದಿತ್ತು: “ಪ್ರತಿಜ್ಞೆ ಜೋರಾಗಿ ಹೇಳಪ್ಪಾ, ಎಲ್ಲರಿಗೂ ಕೇಳೋ ಹಂಗ.” ಯಾಕೆ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಕ್ಕಳಿಗೆ ಇಂಥವು ಹೇಳದೆಯೇ ತಿಳಿಯುತ್ತವೆ. ನಾನು ಗಂಟಲು ಹರಿಯುವ ಹಾಗೆ ಹೇಳುತ್ತಿದ್ದೆ. ಹಾಗಾಗಿ ಅವನ ಮೌನ ನನಗೆ ಸಿಟ್ಟು ತರಿಸಿತು. ಅವನು ಸುಮ್ಮನಿದ್ದರೆ ಅದರ ಲೆಕ್ಕ ನನ್ನ ಖಾತೆಗೂ ಬೀಳುತ್ತದಲ್ಲ ಅನ್ನುವ ಸಿಟ್ಟು. ಒಂದು ದಿನ ಪಿ.ಟಿ. ಮೇಷ್ಟ್ರು “ಯಾವನಲೇ ಅವ, ಬಾಯಿ ಮುಚ್ಚಿಕೊಂಡು ನಿಂತಾನ?” ಅಂತ ಕೇಳಿದಾಗ, ನಾನೇ ಹೆಸರು ಹೇಳಿದೆ.

ಅವನ ಮನೆಯವರು ಯೆಹೋವನ ಸಾಕ್ಷಿಗಳು ಅನ್ನುವ ಪಂಗಡದವರು ಅಂತ ಆಮೇಲೆ ಗೊತ್ತಾಯಿತು. ಎರಡು ವಾರದೊಳಗೆ ಅವನು ಟಿ.ಸಿ. ತೆಗೆದುಕೊಂಡು ಹೋದ. ಯಾರಾದರೂ ಕಳಿಸಿದರೋ, ಅವರೇ ಹೋದರೋ, ಹುಡುಗರಾದ ನಮಗೆ ಯಾರೂ ಹೇಳಲಿಲ್ಲ. ಆ ಹೊತ್ತಿಗೆ ಇದೇ ವಿಷಯದ ಮೇಲೆ ಸುಪ್ರೀಂ ಕೋರ್ಟಿನ ತೀರ್ಪು ಬಂದು ಮೂರು ವರ್ಷ ಆಗಿತ್ತು. ನಮ್ಮ ಶಾಲೆಯ ಅಂಗಳಕ್ಕೆ ಆ ಸುದ್ದಿ ಮುಟ್ಟಿರಲಿಲ್ಲ.

ಈಚೆಗೆ ಆ ತೀರ್ಪನ್ನು ಪೂರ್ತಿ ಓದಿದೆ. ಅದರ ಜೊತೆಗೆ, ಸಾವಿರಾರು ಸಲ ಬಾಯಿಪಾಠ ಒಪ್ಪಿಸಿದ್ದ ಪ್ರತಿಜ್ಞೆಯನ್ನೂ ಮೊದಲ ಸಲ ಒಂದು ಬರಹ ಅಂತ ಇಟ್ಟುಕೊಂಡು ಓದಿದೆ. ಮೂರನೆಯದು, ನಮ್ಮ ಹಂಪಿಯಲ್ಲೇ ಇರುವ ಒಂದು ಶಾಸನ. ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡೋಣ ಅನ್ನೋದು ಈ ಬರಹದ ಉದ್ದೇಶ.

ಮೊದಲು ಪ್ರತಿಜ್ಞೆ. ಇದನ್ನು ಬರೆದವರು ಪೈಡಿಮರ್ರಿ ವೆಂಕಟ ಸುಬ್ಬರಾವ್. ನಲಗೊಂಡ ಜಿಲ್ಲೆಯವರು, ವಿಶಾಖಪಟ್ಟಣದಲ್ಲಿ ಖಜಾನೆ ಅಧಿಕಾರಿಯಾಗಿದ್ದರು. ಚೀನಾ ಯುದ್ಧದ ವರ್ಷ, 1962ರಲ್ಲಿ, ತೆಲುಗಿನಲ್ಲಿ ಬರೆದರು. ಮುಂದಿನ ವರ್ಷ ವಿಶಾಖಪಟ್ಟಣದ ಒಂದು ಶಾಲೆಯಲ್ಲಿ ಮಕ್ಕಳು ಓದಿದರು. 1964ರ ಅಕ್ಟೋಬರಿನಲ್ಲಿ ಎಂ.ಸಿ. ಛಾಗ್ಲಾ ಅಧ್ಯಕ್ಷತೆಯಲ್ಲಿ ಕೇಂದ್ರದ ಶಿಕ್ಷಣ ಸಲಹಾ ಮಂಡಳಿ ಸಭೆ ಸೇರಿದ್ದು ನಮ್ಮ ಬೆಂಗಳೂರಿನಲ್ಲಿ. ದೇಶದ ಎಲ್ಲ ಶಾಲೆಗಳಲ್ಲೂ ಮಕ್ಕಳು ಇದನ್ನು ಹೇಳಬೇಕು ಅಂತ ಅಲ್ಲಿ ತೀರ್ಮಾನವಾಗಿ, 1965ರ ಜನವರಿ 26ರಿಂದ ಶುರುವಾಯಿತು. ಬಹಳ ವರ್ಷ ಪಠ್ಯಪುಸ್ತಕದ ಮೊದಲ ಪುಟದಲ್ಲಿ ಪ್ರತಿಜ್ಞೆ ಇರುತ್ತಿತ್ತು, ಬರೆದವರ ಹೆಸರು ಇರುತ್ತಿರಲಿಲ್ಲ.

ಬರಹವಾಗಿ ಇದು ಒಳ್ಳೆಯ ಬರಹ. ಯುದ್ಧದ ಕಾಲದಲ್ಲಿ ಹುಟ್ಟಿದರೂ ಇದರಲ್ಲಿ ಶತ್ರು ಇಲ್ಲ. ರಾಜ ಇಲ್ಲ, ಸರ್ಕಾರ ಇಲ್ಲ, ಬಾವುಟ ಇಲ್ಲ, ದೇವರೂ ಇಲ್ಲ. ದೇಶ ನನ್ನದು, ಇಲ್ಲಿಯವರೆಲ್ಲ ಒಡಹುಟ್ಟಿದವರು, ಇದರ ಬಗೆಬಗೆಯ ಪರಂಪರೆ ನನ್ನ ಹೆಮ್ಮೆ, ತಂದೆತಾಯಿಗೆ, ಗುರುಹಿರಿಯರಿಗೆ ಗೌರವ ಕೊಡುತ್ತೇನೆ ಅನ್ನುವಷ್ಟೇ ಸರಳ. ಅಮೆರಿಕದ ಪ್ರತಿಜ್ಞೆಯ ಜೊತೆ ಹೋಲಿಸಿ ನೋಡಿ. ಅದನ್ನು 1892ರಲ್ಲಿ ಬರೆದವರು ಫ್ರಾನ್ಸಿಸ್ ಬೆಲ್ಲಮಿ, ಒಬ್ಬ ಬ್ಯಾಪ್ಟಿಸ್ಟ್ ಪಾದ್ರಿ. ಅವರ ಪ್ರತಿಜ್ಞೆ ನೇರವಾಗಿ ಬಾವುಟಕ್ಕೇ ನಿಷ್ಠೆ ಸಲ್ಲಿಸುತ್ತದೆ. ದೇವರ ಹೆಸರು ಅದರಲ್ಲಿ ಸೇರಿದ್ದು 1954ರಲ್ಲಿ, ರಷ್ಯಾದ ನಾಸ್ತಿಕರಿಗೂ ನಮಗೂ ವ್ಯತ್ಯಾಸ ಕಾಣಲಿ ಅಂತ. ಪಾದ್ರಿ ಬರೆದ ಪ್ರತಿಜ್ಞೆಗಿಂತ ಖಜಾನೆ ಅಧಿಕಾರಿ ಬರೆದದ್ದರಲ್ಲಿ ಬೈಬಲ್ಲಿನ ನೆರೆಪ್ರೀತಿ ಹೆಚ್ಚು ಕಾಣುತ್ತದೆ ಅಂದರೆ ತಪ್ಪಾಗಲಾರದು.

ಆದರೂ ಕ್ರೈಸ್ತರ ಮನೆಯ ಮಗುವಿಗೆ ಕೊನೆಯ ಭಾಗದಲ್ಲಿ ಒಂದು ಕಡೆ ಕಾಲು ಎಡವುತ್ತದೆ. ದೇಶದ, ಜನರ ಏಳಿಗೆಯಲ್ಲಿ ‘ಮಾತ್ರ’ ನನ್ನ ಸುಖ ಇದೆ ಅನ್ನುವ ಅರ್ಥದ ಸಾಲು ಅದು. ಭಾನುವಾರ ಸಂಡೇ ಸ್ಕೂಲಿನಲ್ಲಿ ಅದೇ ಮಗುವಿಗೆ ಹೇಳಿಕೊಟ್ಟಿರುತ್ತಾರೆ, ಮನುಷ್ಯನ ಸುಖ ಇರುವುದು ದೇವರಲ್ಲಿ ಮಾತ್ರ ಅಂತ. ಭಾನುವಾರಕ್ಕೊಂದು ‘ಮಾತ್ರ’, ಸೋಮವಾರಕ್ಕೊಂದು ‘ಮಾತ್ರ’. ಹೆಚ್ಚಿನ ಕ್ರೈಸ್ತರು ಇದನ್ನು ಜಗಳ ಅಂತ ನೋಡುವುದಿಲ್ಲ. ದೇವರನ್ನು ಪ್ರೀತಿಸು, ನೆರೆಯವನನ್ನು ಪ್ರೀತಿಸು ಅನ್ನುವ ಎರಡು ಆಜ್ಞೆಗಳಲ್ಲಿ ಪ್ರತಿಜ್ಞೆ ಎರಡನೆಯದರ ಒಳಗೆ ಸರಾಗವಾಗಿ ಕೂರುತ್ತದೆ. ನಾನೂ ಹಾಗೇ ಕೂರಿಸಿಕೊಂಡವನು, ಇವತ್ತಿಗೂ ಸಂತೋಷವಾಗಿಯೇ ಹೇಳುತ್ತೇನೆ. ಯೆಹೋವನ ಸಾಕ್ಷಿಗಳಿಗೆ ಹಾಗೆ ಕೂರಿಸಿಕೊಳ್ಳಲು ಆಗುವುದಿಲ್ಲ. ರಾಷ್ಟ್ರಗೀತೆ ಹಾಡುವುದು, ಬಾವುಟಕ್ಕೆ ವಂದಿಸುವುದು ಅವರ ಕಣ್ಣಿಗೆ ಪೂಜೆ. ಪೂಜೆ ದೇವರೊಬ್ಬನಿಗೇ. ಅವರು ಸೈನ್ಯ ಸೇರುವುದಿಲ್ಲ, ಚುನಾವಣೆಯಲ್ಲಿ ಮತ ಹಾಕುವುದಿಲ್ಲ. ತೆರಿಗೆ ಕಟ್ಟುತ್ತಾರೆ, ಕಾನೂನು ಪಾಲಿಸುತ್ತಾರೆ. ನಮ್ಮ ಸಭೆಗಳಲ್ಲಿ ಅವರನ್ನು ಕ್ರೈಸ್ತರು ಅಂತಲೇ ಒಪ್ಪುವುದಿಲ್ಲ, ತ್ರಿಯೇಕ ದೇವರನ್ನು ಅವರು ನಂಬುವುದಿಲ್ಲವಲ್ಲ. ಊರಿನವರಿಗೆ ಆ ವ್ಯತ್ಯಾಸ ಎಲ್ಲಿ ಗೊತ್ತಾಗಬೇಕು? ಅವನೂ ಕ್ರಿಶ್ಚಿಯನ್, ನಾನೂ ಕ್ರಿಶ್ಚಿಯನ್.

‘ಕೈಸರನದ್ದು ಕೈಸರನಿಗೆ’ ಅಂತ ಯೇಸುವೇ ಹೇಳಿಲ್ಲವೇ ಅನ್ನುವ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಬಹಳ ಜನ ಆ ಕತೆಯನ್ನು ಆಸ್ತಿ ಪಾಲಿನ ಹಾಗೆ ಓದುತ್ತಾರೆ, ಅರ್ಧ ಸರ್ಕಾರಕ್ಕೆ ಅರ್ಧ ದೇವರಿಗೆ. ಕತೆಯ ಮೊನೆ ಬೇರೆ ಕಡೆ ಇದೆ. ಯೇಸು ಮೊದಲು ನಾಣ್ಯ ತರಿಸಿ, ಇದರ ಮೇಲಿರುವ ಮುಖ ಯಾರದ್ದು ಅಂತ ಕೇಳುತ್ತಾನೆ. ಕೈಸರನ ಮುಖ ಇರುವ ನಾಣ್ಯ ಕೈಸರನಿಗೆ ಹೋಗಲಿ. ಹಾಗಾದರೆ ದೇವರ ಮುಖ ಯಾವುದರ ಮೇಲಿದೆ? ಮನುಷ್ಯನನ್ನು ದೇವರು ತನ್ನ ರೂಪದಲ್ಲಿ ಮಾಡಿದ ಅಂತ ಬೈಬಲ್ಲಿನ ಮೊದಲ ಅಧ್ಯಾಯದಲ್ಲೇ ಇದೆ. ತೆರಿಗೆ ಕೊಡು, ನಿನ್ನನ್ನೇ ಕೊಟ್ಟುಬಿಡಬೇಡ. ಹಳೆಯ ಕಾಲದ ಸಭಾಪಿತೃಗಳು ಹೀಗೇ ಓದಿದ್ದಾರೆ. ಪ್ರತಿಜ್ಞೆ ಹೇಳುವ ಕ್ರೈಸ್ತನೂ ಹೇಳದ ಕ್ರೈಸ್ತನೂ ಇದೇ ಕತೆಯನ್ನು ಆಧಾರ ಮಾಡಿಕೊಳ್ಳುತ್ತಾರೆ. ಗೆರೆ ಎಲ್ಲಿ ಎಳೆಯಬೇಕು ಅನ್ನುವುದರಲ್ಲಿ ಮಾತ್ರ ಜಗಳ.

ಈಗ ಎರಡನೆಯ ಪಠ್ಯ, ತೀರ್ಪು. ಕೇರಳದ ಕೊಟ್ಟಾಯಂ ಜಿಲ್ಲೆಯ ಕಿಡಂಗೂರಿನ ಶಾಲೆಯೊಂದರಲ್ಲಿ ಓದುತ್ತಿದ್ದ ಮೂವರು ಒಡಹುಟ್ಟಿದ ಮಕ್ಕಳು, ಹತ್ತನೇ, ಒಂಬತ್ತನೇ ಮತ್ತು ಐದನೇ ಕ್ಲಾಸಿನವರು. ಯೆಹೋವನ ಸಾಕ್ಷಿಗಳ ಮನೆಯವರು. ರಾಷ್ಟ್ರಗೀತೆಗೆ ದಿನಾ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ವರ್ಷಗಟ್ಟಲೆ ಯಾರಿಗೂ ಅದು ತೊಂದರೆ ಅನಿಸಿರಲಿಲ್ಲ. 1985ರಲ್ಲಿ ಒಬ್ಬ ಶಾಸಕರ ಕಣ್ಣಿಗೆ ಬಿತ್ತು, ವಿಧಾನಸಭೆಯಲ್ಲಿ ಪ್ರಶ್ನೆಯಾಯಿತು, ವಿಚಾರಣೆಗೆ ಸಮಿತಿ ಬಂತು. ಮಕ್ಕಳು ಕಾನೂನಿಗೆ ತಲೆಬಾಗಿ ನಡೆಯುವವರು, ಗೀತೆಗೆ ಅಗೌರವ ತೋರಿಸಿಲ್ಲ ಅಂತಲೇ ಸಮಿತಿ ವರದಿ ಕೊಟ್ಟಿತು. ಆದರೂ ಜುಲೈ 26ರಂದು ಅವರನ್ನು ಶಾಲೆಯಿಂದ ಹೊರಗೆ ಹಾಕಲಾಯಿತು. ಹೈಕೋರ್ಟ್ ಅವರ ಅರ್ಜಿ ತಳ್ಳಿಹಾಕಿತು. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅವರನ್ನು ಮರಳಿ ಸೇರಿಸಿಕೊಳ್ಳಿ ಅಂತ ಆದೇಶಿಸಿತು. ಬಿಜೋ ಇಮ್ಯಾನ್ಯುಯಲ್ ಪ್ರಕರಣ ಅನ್ನುವುದು ಇದೇ.

ತೀರ್ಪು ಬರೆದವರು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ, ಜೊತೆಗಿದ್ದವರು ನ್ಯಾಯಮೂರ್ತಿ ಎಂ.ಎಂ. ದತ್. ಚಿನ್ನಪ್ಪ ರೆಡ್ಡಿ ಅಂದರೆ ಕನ್ನಡಿಗರಿಗೆ ನೆನಪಾಗುವುದು 1990ರಲ್ಲಿ ವರದಿ ಕೊಟ್ಟ ಹಿಂದುಳಿದ ವರ್ಗಗಳ ಆಯೋಗ. ಅದೇ ಮನುಷ್ಯ.

ಈ ತೀರ್ಪಿನ ಗುಣ ಅದರ ತಾಳ್ಮೆಯಲ್ಲಿದೆ. ದೇಶಭಕ್ತಿಯ ಮೇಲೆ ಉಪನ್ಯಾಸ ಕೊಡದೆ, ಮೊದಲು ಅದು ಸಣ್ಣ ಪ್ರಶ್ನೆಗಳನ್ನು ಕೇಳುತ್ತದೆ. ಮಕ್ಕಳು ಏನು ಮಾಡಿದರು? ನಿಂತರು. ಹಾಡಲೇಬೇಕು ಅಂತ ಯಾವ ಕಾನೂನು ಹೇಳುತ್ತದೆ? ಯಾವುದೂ ಇಲ್ಲ. 1971ರ ರಾಷ್ಟ್ರೀಯ ಗೌರವ ಕಾಯ್ದೆ ಶಿಕ್ಷಿಸುವುದು ಹಾಡುವವರನ್ನು ತಡೆಯುವವರನ್ನು, ಹಾಡುವ ಸಭೆಗೆ ಅಡ್ಡಿ ಮಾಡುವವರನ್ನು. ಸಂವಿಧಾನದ 51ಎ ವಿಧಿ ಗೌರವ ಕೊಡಿ ಅನ್ನುತ್ತದೆ, ಎದ್ದು ನಿಲ್ಲುವುದೇ ಗೌರವ. ಇನ್ನು ಉಳಿದದ್ದು ಇಲಾಖೆಯ ಸುತ್ತೋಲೆಗಳು. ಸುತ್ತೋಲೆಯಿಂದ ಮೂಲಭೂತ ಹಕ್ಕನ್ನು ಕಿತ್ತುಕೊಳ್ಳಲು ಬರುವುದಿಲ್ಲ. 19ನೇ ವಿಧಿಯ ಮಾತಿನ ಸ್ವಾತಂತ್ರ್ಯದಲ್ಲಿ ಸುಮ್ಮನಿರುವ ಸ್ವಾತಂತ್ರ್ಯವೂ ಸೇರಿದೆ, 25ನೇ ವಿಧಿ ಆತ್ಮಸಾಕ್ಷಿಯನ್ನು ಕಾಯುತ್ತದೆ. ಇಷ್ಟೇ ಕಟ್ಟಡ. ಒಂದೊಂದೇ ಕಲ್ಲು ಇಟ್ಟು ಕಟ್ಟಿದ ಹಾಗಿದೆ.

ತೀರ್ಪಿನಲ್ಲಿ ಅಮೆರಿಕದ ಎರಡು ಪ್ರಕರಣಗಳ ಚರ್ಚೆಯೂ ಇದೆ. ‘ಒಬ್ಬನಿಗೆ ಬಿಟ್ಟರೆ ನಾಳೆ ಎಲ್ಲರೂ ಬಿಡ್ತಾರ್ರೀ’ ಅನ್ನುವವರು ಅವನ್ನು ಗಮನಿಸಬೇಕು. ಅಲ್ಲಿಯೂ ಬಾವುಟಕ್ಕೆ ವಂದಿಸದ ಸಾಕ್ಷಿಗಳ ಮಕ್ಕಳನ್ನು ಶಾಲೆಯಿಂದ ಹಾಕಿದ್ದರು. 1940ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಎಂಟು ಜನ ಒಂದು ಕಡೆ ಒಬ್ಬರು ಇನ್ನೊಂದು ಕಡೆ ಇದ್ದು, ರಾಷ್ಟ್ರದ ಒಗ್ಗಟ್ಟು ದೊಡ್ಡದು ಅಂತ ಶಾಲೆಯ ಪರ ತೀರ್ಪು ಕೊಟ್ಟಿತು. ಆಮೇಲೆ ಊರೂರಲ್ಲಿ ಸಾಕ್ಷಿಗಳ ಮೇಲೆ ಗುಂಪುಗಳು ಬಿದ್ದವು. ಮೂರೇ ವರ್ಷಕ್ಕೆ, 1943ರ ಜೂನ್ 14ರಂದು, ಅದೇ ಕೋರ್ಟ್ ಆರು–ಮೂರರಲ್ಲಿ ತನ್ನ ಮಾತನ್ನು ತಾನೇ ತಿದ್ದಿಕೊಂಡಿತು. ಆಗ ಅಮೆರಿಕ ಎರಡನೇ ಮಹಾಯುದ್ಧದ ನಡುವೆ ಇತ್ತು. ಅತ್ತ ಹಿಟ್ಲರನ ಜರ್ಮನಿ ಕೈ ಎತ್ತಿ ಜೈಕಾರ ಹಾಕದ ಸಾಕ್ಷಿಗಳನ್ನು ಯಾತನಾ ಶಿಬಿರಗಳಿಗೆ ತುಂಬುತ್ತಿತ್ತು. ಇನ್ನೊಂದು ಸಂಗತಿ: ಅಮೆರಿಕದ ಮಕ್ಕಳು ಮೊದಲು ಪ್ರತಿಜ್ಞೆ ಹೇಳುತ್ತಿದ್ದದ್ದು ಬಲಗೈ ಮುಂದೆ ಚಾಚಿ. ನಾಜಿಗಳ ವಂದನೆಯ ಹಾಗೇ ಕಾಣುತ್ತದಲ್ಲ ಅಂತ 1942ರಲ್ಲಿ ಅದನ್ನು ಬಿಟ್ಟು ಎದೆಯ ಮೇಲೆ ಕೈ ಇಡುವ ಪದ್ಧತಿ ತಂದರು. ನಾವು ಹೊಸಪೇಟೆಯಲ್ಲಿ ಚಾಚುತ್ತಲೇ ಇದ್ದೆವು.

ಹಾಗಂತ ತೀರ್ಪಿನಲ್ಲಿ ಕೊರತೆ ಇಲ್ಲ ಅಂತಲ್ಲ. ನನಗೆ ಎರಡು ಕಾಣುತ್ತವೆ.

ಒಂದು, ನಂಬಿಕೆ ಪ್ರಾಮಾಣಿಕವೇ ಅನ್ನುವುದನ್ನು ತೂಗಲು ಅದು ಆ ಪಂಗಡದ ಜಗತ್ತಿನಾದ್ಯಂತದ ಇತಿಹಾಸವನ್ನು ಬಹಳವಾಗಿ ನೆಚ್ಚಿಕೊಳ್ಳುತ್ತದೆ. ದೊಡ್ಡ ಕಡತ ಇರುವ ಪಂಗಡಕ್ಕೆ ಇದು ಸುಲಭ. ಯಾವ ಪಂಗಡಕ್ಕೂ ಸೇರದೆ, ಯಾವ ಪುಸ್ತಕವನ್ನೂ ತೋರಿಸದೆ, ‘ನನ್ನ ಮನಸ್ಸು ಒಪ್ಪುತ್ತಿಲ್ಲ’ ಅಂತಷ್ಟೇ ಹೇಳುವ ಕಂಪ್ಲಿಯ ಒಬ್ಬ ಹುಡುಗಿ ಬಂದರೆ? ಮೌನದ ಹಕ್ಕು ಅವಳಿಗೂ ಇದೆ ಅಂತ ತೀರ್ಪಿನ ಒಂದು ಕಾಲು ಹೇಳುತ್ತದೆ. ಆದರೆ ಭಾರವೆಲ್ಲ ಇನ್ನೊಂದು ಕಾಲಿನ ಮೇಲೆ, ಧರ್ಮದ ಮೇಲೆ ಬಿದ್ದಿದೆ.

ಎರಡನೆಯದು ನನಗೆ ಹೆಚ್ಚು ಮುಖ್ಯ. ಹಕ್ಕಿನ ಮಾತಿನಿಂದ ಹೊರಟ ತೀರ್ಪು ಮುಗಿಯುವುದು ಸಹನೆಯ ಮಾತಿನಲ್ಲಿ. ನಮ್ಮ ಪರಂಪರೆ, ನಮ್ಮ ತತ್ವ, ನಮ್ಮ ಸಂವಿಧಾನ ಎಲ್ಲವೂ ಸಹನೆಯವು, ಅದನ್ನು ನೀರು ಮಾಡುವುದು ಬೇಡ ಅನ್ನುವ ಧಾಟಿ. ಕೇಳಲು ಹಿತವಾಗಿದೆ, ಭಾಷಣಗಳಲ್ಲಿ ಮತ್ತೆ ಮತ್ತೆ ಬಳಕೆಯಾಗಿದೆ. ಆದರೆ ಸಹನೆ ಅನ್ನುವುದು ಮನೆಯ ಯಜಮಾನ ಒಳಗಿದ್ದವನಿಗೆ ತೋರಿಸುವ ಗುಣ. ಇವತ್ತು ಸಹಿಸುತ್ತಾನೆ, ನಾಳೆ ಸಾಕಾಗಿದೆ ಅನ್ನಬಹುದು. ಆ ಮೂವರು ಮಕ್ಕಳು ಮನೆಗೆ ಬಂದ ನೆಂಟರಲ್ಲ, ಮನೆ ಅವರದ್ದೂ ಹೌದು. ಅಮ್ಮ ನನಗೆ ಜೋರಾಗಿ ಹೇಳು ಅಂದದ್ದು ಯಾಕೆ ಅಂದರೆ, ನಾವು ಸಹನೆಯ ಮೇಲೆ ಬದುಕುತ್ತಿದ್ದೇವೆ ಅಂತ ಅವರಿಗೆ ಅನಿಸಿತ್ತು. ಹಕ್ಕಿನ ಮೇಲೆ ಬದುಕುತ್ತಿದ್ದೇವೆ ಅಂತ ಗೊತ್ತಿದ್ದವರು ಮೆಲ್ಲಗೇ ಹೇಳುತ್ತಾರೆ.

ಅಮ್ಮನ ಅಂಜಿಕೆಗೆ ಈ ಸೀಮೆಯ ಇತಿಹಾಸದಲ್ಲಿ ಕಾರಣಗಳಿವೆ. ಬಳ್ಳಾರಿ ಸೀಮೆಯನ್ನು ನಿಜಾಮ ಕಂಪನಿಗೆ ಬಿಟ್ಟುಕೊಟ್ಟದ್ದು 1800ರಲ್ಲಿ. ಹತ್ತೇ ವರ್ಷಕ್ಕೆ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದರು. ಅವರು ಮತ್ತು ವಿಲಿಯಂ ರೀವ್ ಸೇರಿ ಬೈಬಲನ್ನು ಕನ್ನಡಕ್ಕೆ ತಂದರು, ರೀವ್ ಕನ್ನಡ ನಿಘಂಟನ್ನೂ ಮಾಡಿದರು. ಭಾಷೆಗೆ ಆದ ಲಾಭ ದೊಡ್ಡದು. ಆದರೆ ದಂಡು ಬಂದ ದಾರಿಯಲ್ಲೇ ಪಾದ್ರಿಗಳೂ ಬಂದದ್ದರಿಂದ ‘ಬಿಳಿಯರ ಧರ್ಮ’ ಅನ್ನುವ ಮುದ್ರೆ ಬಿತ್ತು. ಆ ಮುದ್ರೆಯನ್ನು ಅಳಿಸಲು ಕ್ರೈಸ್ತರು ಏನೂ ಮಾಡಲಿಲ್ಲವೇ? ಸಂವಿಧಾನ ಸಭೆಯ ಉಪಾಧ್ಯಕ್ಷರಾಗಿದ್ದ ಎಚ್.ಸಿ. ಮುಖರ್ಜಿ ಕ್ರೈಸ್ತರು. ಮಂಗಳೂರಿನಲ್ಲಿ ಹುಟ್ಟಿದ ಜೆಸ್ವಿಟ್ ಪಾದ್ರಿ ಜೆರೋಮ್ ಡಿಸೋಜ, ನಮ್ಮ ಜಿಲ್ಲೆಯೂ ಸೇರಿದ್ದ ಮದ್ರಾಸ್ ಪ್ರಾಂತದಿಂದ ಆ ಸಭೆಯ ಸದಸ್ಯರು. ಶಾಸನಸಭೆಗಳಲ್ಲಿ ತಮ್ಮವರಿಗೆ ಮೀಸಲು ಸ್ಥಾನ ಬೇಡ, ಎಲ್ಲರ ಜೊತೆ ಇರುತ್ತೇವೆ ಅನ್ನುವ ನಿರ್ಧಾರದ ಪರ ಇಬ್ಬರೂ ನಿಂತರು. ಕೈ ಚಾಚಿ ಹೇಳುವ ಯಾವ ಪ್ರತಿಜ್ಞೆಗಿಂತಲೂ ಇದು ಗಟ್ಟಿ ಪ್ರತಿಜ್ಞೆ. ಶಾಲೆಯ ಯಾವ ಪಾಠದಲ್ಲೂ ನನಗೆ ಇದು ಸಿಗಲಿಲ್ಲ.

ಮೂರನೆಯ ಪಠ್ಯಕ್ಕೆ ಹಂಪಿಗೆ ಹೋಗಬೇಕು. ವಿರೂಪಾಕ್ಷನ ಗುಡಿಯ ಕಡೆ ಅಲ್ಲ, ಕಮಲಾಪುರದಿಂದ ತಳಾರಿಘಟ್ಟಕ್ಕೆ ಹೋಗುವ ದಾರಿಯ ಕಡೆ. ಅಲ್ಲೊಂದು ಕಲ್ಲಿನ ಮಂಟಪ ಇದೆ. ದೂರದಿಂದ ನೋಡಿದರೆ ಗುಡಿಯ ಮಂಟಪವೇ, ಅದೇ ನಮೂನೆಯ ಕಂಬಗಳು. ಮಿನಾರು ಇಲ್ಲ, ಗುಮ್ಮಟ ಇಲ್ಲ. ಅದು ಮಸೀದಿ. ಎರಡನೇ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ್ದು. ಅದರ ಕನ್ನಡ ಶಾಸನ ಕಟ್ಟಡವನ್ನು ಕರೆಯುವುದು ಧರ್ಮಸಾಲೆ ಅಂತ. ಅದನ್ನು ಕಟ್ಟಿಸಿದ ಪುಣ್ಯ ದೇವರಾಯನಿಗೆ ಸಲ್ಲಲಿ ಅಂತ ಖಾನ್ ಬರೆಸಿದ್ದಾನೆ.

ಈ ಚಿಕ್ಕ ಶಾಸನವನ್ನು ನಾನು ಪ್ರತಿಜ್ಞೆ ಅಂತಲೇ ಓದುತ್ತೇನೆ. ತನ್ನ ದೇವರಿಗೆ ತಾನು ತಲೆಬಾಗುವ ಜಾಗವನ್ನೇ ರಾಜನ ಒಳಿತಿಗೆ ಅರ್ಪಿಸಿದ ಮನುಷ್ಯ. ರಾಜನಿಗೆ ತಲೆಬಾಗಲು ದೇವರನ್ನು ಬಿಡಲಿಲ್ಲ, ದೇವರಿಗೆ ತಲೆಬಾಗಲು ರಾಜನನ್ನೂ ಬಿಡಲಿಲ್ಲ. ಮಾತು ಅವನದ್ದೇ, ಭಾಷೆ ಊರಿನದು.

ರಾಜನ ಕಡೆಯಿಂದಲೂ ಒಂದು ಕತೆ ಇದೆ. ಚರಿತ್ರೆಕಾರ ಫೆರಿಷ್ತಾ ಬರೆಯುವ ಪ್ರಕಾರ, ದೇವರಾಯ ತನ್ನ ಸೈನ್ಯಕ್ಕೆ ಮುಸ್ಲಿಮರನ್ನು ಸೇರಿಸಿಕೊಂಡ, ಜಹಗೀರು ಕೊಟ್ಟ, ಸಿಂಹಾಸನದ ಮುಂದೆ ಪೀಠದ ಮೇಲೆ ಕುರಾನ್ ಇಡಿಸಿದ. ಯಾಕೆ? ಅವರು ರಾಜನಿಗೆ ವಂದಿಸುವಾಗ ತಮ್ಮ ಧರ್ಮಕ್ಕೆ ತಪ್ಪಿ ನಡೆದ ಹಾಗೆ ಆಗಬಾರದು ಅಂತ. ಫೆರಿಷ್ತಾ ಇದನ್ನು ಬರೆದದ್ದು ಒಂದೂವರೆ ಶತಮಾನಕ್ಕೂ ಮೀರಿದ ಮೇಲೆ, ಬಿಜಾಪುರದಲ್ಲಿ ಕೂತು. ಹಾಗಾಗಿ ಅರಮನೆಯೊಳಗಿದ್ದವನು ಕಣ್ಣಾರೆ ಕಂಡು ಬರೆದದ್ದು ಅಂತ ಇದನ್ನು ತೆಗೆದುಕೊಳ್ಳಬಾರದು. ದೇವರಾಯ ಸಂತನೂ ಅಲ್ಲ, ಬಹಮನಿಗಳ ಎದುರು ಸೋತು, ಒಳ್ಳೆಯ ಸವಾರರು, ಬಿಲ್ಲುಗಾರರು ಬೇಕು ಅಂತ ಹೀಗೆ ಮಾಡಿದವನು. ನನಗೆ ಅದೇ ಇಷ್ಟವಾಗುವುದು. ನಾಳೆ ಯುದ್ಧಕ್ಕೆ ಜೊತೆಗೆ ಬರಬೇಕಾದವನ ನಿಷ್ಠೆ ನಿಜವಾಗಿ ಬೇಕಾದ ರಾಜನಿಗೆ ಒತ್ತಾಯದ ವಂದನೆಯಿಂದ ಏನೂ ಸಿಗುವುದಿಲ್ಲ ಅಂತ ಗೊತ್ತಿರುತ್ತದೆ. ಬಗ್ಗಿದ ಬೆನ್ನಿನಿಂದ ಒಳಗಿನ ಮನಸ್ಸು ತಿಳಿಯುವುದಿಲ್ಲವಲ್ಲ.

ಆಮೇಲೆ ಬಂದ ಕ್ರೈಸ್ತರ ಜೊತೆಗೂ ವಿಜಯನಗರ ಹೀಗೇ ನಡೆದುಕೊಂಡಿತು. 1520ರ ರಾಯಚೂರು ಮುತ್ತಿಗೆಯಲ್ಲಿ ಕ್ರಿಸ್ತೊವಾವ್ ದ ಫಿಗೈರೆದೊ ಮತ್ತು ಅವನ ಪೋರ್ಚುಗೀಸ್ ಕೋವಿಯವರು ಕೃಷ್ಣದೇವರಾಯನ ಕಡೆ ಹೋರಾಡಿದರು. ಇಲ್ಲೇ ನಮ್ಮ ಹೊಸಪೇಟೆಯ ಹತ್ತಿರ ರಾಯ ಕಟ್ಟಿಸಿದ ದೊಡ್ಡ ಕೆರೆಯ ಕೆಲಸಕ್ಕೆ ಜೊವಾವ್ ದ ಲಾ ಪೊಂತೆ ಅನ್ನುವ ಪೋರ್ಚುಗೀಸ್ ಕಲ್ಲುಕೆಲಸದವನು ನೆರವಾದ ಅಂತ ನೂನಿಜ್ ಬರೆದಿದ್ದಾನೆ. ಅವರೇನು ದೇಶಭಕ್ತರಲ್ಲ, ಕೂಲಿಗೆ, ಕುದುರೆ ವ್ಯಾಪಾರದ ಲಾಭಕ್ಕೆ ಬಂದವರು. ರಾಯ ಅವರಿಂದ ಕೇಳಿದ್ದು ಕೆಲಸ.

ಕಂಪ್ಲಿಯ ಕಡೆಯದ್ದು ಇನ್ನೂ ಹಳೆಯ ಕತೆ. ದೆಹಲಿಯ ತುಘಲಕನ ವಿರುದ್ಧ ಬಂಡೆದ್ದು ಓಡಿಬಂದ ಬಹಾವುದ್ದೀನನಿಗೆ ಕಂಪಿಲರಾಯ ಆಸರೆ ಕೊಟ್ಟ. ದೆಹಲಿಯ ದಂಡು ಬಂದಾಗಲೂ ಅವನನ್ನು ಹಿಡಿದುಕೊಡಲಿಲ್ಲ, ಬೇರೆ ಕಡೆಗೆ ಸಾಗಿಸಿ ತಾನು ಯುದ್ಧದಲ್ಲಿ ಸತ್ತ. ನಮ್ಮ ಸೀಮೆಯಲ್ಲಿ ನಿಷ್ಠೆ ಅಂದರೆ ಹೀಗೆ, ಕೊಟ್ಟ ಮಾತು. ಕೇಳಿಸಿಕೊಂಡು ಒಪ್ಪಿಸುವ ಪಾಠ ಅಲ್ಲ.

ನಿಷ್ಠೆ ಯಾರಿಗೆ ಅನ್ನುವುದೂ ಇಲ್ಲಿ ಎಷ್ಟು ಸಲ ಬದಲಾಗಿದೆ ನೋಡಿ. ಸಂಡೂರಿನಲ್ಲಿ 1940ರಲ್ಲಿ ಹುಟ್ಟಿದ ಒಬ್ಬ ಅಜ್ಜಿ ಘೋರ್ಪಡೆ ರಾಜರ ಪ್ರಜೆಯಾಗಿ ಹುಟ್ಟಿದಳು. 1949ರಲ್ಲಿ ಸಂಸ್ಥಾನ ಮದ್ರಾಸಿಗೆ ಸೇರಿತು, 1953ರಲ್ಲಿ ಬಳ್ಳಾರಿಯ ಜೊತೆ ಮೈಸೂರಿಗೆ, 1973ರಲ್ಲಿ ಹೆಸರು ಕರ್ನಾಟಕವಾಯಿತು. ಅಜ್ಜಿ ಮನೆ ಬದಲಾಯಿಸಲೇ ಇಲ್ಲ. ನಮ್ಮ ಸಭೆಗಳಲ್ಲೂ 1947ರ ಆಗಸ್ಟಿನ ತನಕ ಇಂಗ್ಲೆಂಡಿನ ದೊರೆಗಾಗಿ ನಡೆಯುತ್ತಿದ್ದ ಪ್ರಾರ್ಥನೆ ಸ್ವತಂತ್ರ ಭಾರತವನ್ನು ಆಳುವವರಿಗಾಗಿ ಆಯಿತು. ದಕ್ಷಿಣ ಭಾರತ ಸಭೆ ಹುಟ್ಟಿದ್ದೇ ಸ್ವಾತಂತ್ರ್ಯ ಬಂದು ಆರು ವಾರಕ್ಕೆ, ಸೆಪ್ಟೆಂಬರ್ 27ರಂದು. ಆಳುವವರ ಹೆಸರು ಬದಲಾಗುತ್ತದೆ, ಊರಿಗೆ ಒಳಿತಾಗಲಿ ಅನ್ನುವ ಪ್ರಾರ್ಥನೆ ಬದಲಾಗುವುದಿಲ್ಲ. ಸೆರೆಯಾಗಿ ಹೋದ ಊರಿಗೂ ಒಳಿತು ಬಯಸಿರಿ ಅಂತ ಪ್ರವಾದಿ ಯೆರೆಮೀಯ ಬಾಬೆಲಿನಲ್ಲಿದ್ದವರಿಗೆ ಬರೆದಿದ್ದ. ಹುಟ್ಟಿದ ಊರಿಗೆ ಬಯಸದೇ ಇರುತ್ತೇವೆಯೇ?

ನಮ್ಮ ಸಂವಿಧಾನಕ್ಕೆ ಈ ಸೂಕ್ಷ್ಮ ಮೊದಲಿನಿಂದಲೂ ಗೊತ್ತು. ಅದರ ಮೂರನೇ ಅನುಸೂಚಿಯಲ್ಲಿ ಮಂತ್ರಿಗಳ, ಶಾಸಕರ ಪ್ರಮಾಣವಚನ ಇದೆ. ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಬೇಡವಾದರೆ ದೃಢೀಕರಿಸುತ್ತೇನೆ ಅಂತ ಹೇಳಬಹುದು. ಆಣೆಯನ್ನೇ ಇಡಬೇಡಿ ಅನ್ನುವ ಯೇಸುವಿನ ಮಾತನ್ನು ಅಕ್ಷರಶಃ ಪಾಲಿಸುವ ಕ್ರೈಸ್ತನಿಗೂ, ದೇವರನ್ನೇ ನಂಬದ ನಾಸ್ತಿಕನಿಗೂ ಅಲ್ಲಿ ಜಾಗ ಇದೆ. 2023ರ ಮೇ 20ರಂದು ಡಿ.ಕೆ. ಶಿವಕುಮಾರ್ ಪ್ರಮಾಣ ಸ್ವೀಕರಿಸಿದ್ದು ಗಂಗಾಧರ ಅಜ್ಜನ ಹೆಸರಿನಲ್ಲಿ. ಅವರ ದೇಶನಿಷ್ಠೆಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ, ಬರಬೇಕಾಗಿಯೂ ಇಲ್ಲ. ಮಂತ್ರಿಗೆ ಇರುವ ಸಡಿಲಿಕೆ ಎಂಟನೇ ಕ್ಲಾಸಿನ ಹುಡುಗನಿಗೆ ಯಾಕೆ ಇರಬಾರದು ಅನ್ನುವುದಷ್ಟೇ ನನ್ನ ಪ್ರಶ್ನೆ.

ಅದೇ ವರ್ಷದಿಂದ ನಮ್ಮ ರಾಜ್ಯದ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆಯನ್ನೂ ಓದಿಸುತ್ತಿದ್ದಾರೆ. ಒಳ್ಳೆಯದಾಯಿತು. ಪ್ರತಿಜ್ಞೆಯಲ್ಲಿ ನಾನು ದೇಶಕ್ಕೆ ಮಾತು ಕೊಡುತ್ತೇನೆ. ಪೀಠಿಕೆಯಲ್ಲಿ ದೇಶ ನನಗೆ ಮಾತು ಕೊಡುತ್ತದೆ, ವಿಚಾರದ, ನಂಬಿಕೆಯ, ಉಪಾಸನೆಯ ಸ್ವಾತಂತ್ರ್ಯ ಕೊಡುತ್ತೇನೆ ಅಂತ. ಎರಡನ್ನೂ ಒಂದೇ ಬೆಳಗ್ಗೆ, ಒಂದೇ ಅಂಗಳದಲ್ಲಿ ಹೇಳಿಸುವಾಗ ಸಾಲಿನಲ್ಲಿ ಸುಮ್ಮನೆ ನಿಂತ ಮಗುವನ್ನು ಬೈದರೆ, ಮೊದಲನೆಯದಕ್ಕಾಗಿ ಎರಡನೆಯದನ್ನು ಮುರಿದ ಹಾಗೆ. ಒಂದು ಮಾತು ಪಿ.ಟಿ. ಮೇಷ್ಟ್ರ ಪರವಾಗಿಯೂ ಹೇಳಬೇಕು. ಅವರು ಕೆಟ್ಟವರಲ್ಲ. ನಾನೂರು ಹುಡುಗರನ್ನು ಸಾಲಿನಲ್ಲಿ ನಿಲ್ಲಿಸಬೇಕಾದವರು, ದೇಶ ಅಂದರೆ ನಿಜವಾಗಿ ಕಣ್ಣು ಒದ್ದೆಯಾಗುತ್ತಿದ್ದ ಮನುಷ್ಯ. ಅವರಿಗೆ ತೀರ್ಪನ್ನು ಯಾರೂ ಓದಿ ಹೇಳಿರಲಿಲ್ಲ. ಹಾಡಿಸಿ ಅನ್ನುವ ಸುತ್ತೋಲೆ ಶಾಲೆಗೆ ಬೇಗ ಬರುತ್ತದೆ, ಹಾಡದವರನ್ನು ಬಿಟ್ಟುಬಿಡಿ ಅನ್ನುವ ತೀರ್ಪು ಬರುವುದೇ ಇಲ್ಲ.

ಆದರೆ ನನಗೆ ಆ ನೆಪ ಇಲ್ಲ. ಆ ವರ್ಷ ಸಂಡೇ ಸ್ಕೂಲಿನ ವಾರ್ಷಿಕೋತ್ಸವದಲ್ಲಿ ದಾನಿಯೇಲನ ಗ್ರಂಥದ ಕತೆ ಹೇಳಿ ನಾನು ಬಹುಮಾನ ತೆಗೆದುಕೊಂಡಿದ್ದೆ. ನೆಬೂಕದ್ನೆಚ್ಚರ ನಿಲ್ಲಿಸಿದ ಬಂಗಾರದ ಪ್ರತಿಮೆಗೆ ಎಲ್ಲರೂ ಅಡ್ಡಬಿದ್ದಾಗ ಎದ್ದು ನಿಂತೇ ಇದ್ದ ಮೂವರು, ಶದ್ರಕ್, ಮೇಶಕ್, ಅಬೇದ್‌ನೆಗೋ. ಮೂವರೂ ರಾಜನ ನಂಬಿಕಸ್ಥ ಅಧಿಕಾರಿಗಳು, ಆ ಒಂದು ವಿಷಯ ಬಿಟ್ಟರೆ ಅವನ ಆಜ್ಞೆ ಮೀರಿದವರಲ್ಲ. ಆ ಕತೆಯಲ್ಲಿ ಇನ್ನೂ ಕೆಲವರು ಬರುತ್ತಾರೆ. ರಾಜನ ಹತ್ತಿರ ಹೋಗಿ, ಇವರು ಅಡ್ಡಬೀಳಲಿಲ್ಲ ಅಂತ ಹೆಸರು ಹೇಳುವವರು. ಕತೆ ಹೇಳುವಾಗ ಅವರ ದನಿಯನ್ನೂ ನಾನೇ 흉ಾಡಿ ತೋರಿಸಿದ್ದೆ, ಜನ ನಕ್ಕಿದ್ದರು.

ಆ ಹುಡುಗ ಈಗ ಎಲ್ಲಿದ್ದಾನೋ. ಮೂವತ್ತು ವರ್ಷದ ಮೇಲಾಯಿತು. ಅವನ ಹೆಸರು ನನಗೆ ಚೆನ್ನಾಗಿ ನೆನಪಿದೆ. ಅವತ್ತು ಕೇಳಿದ ತಕ್ಷಣ ಹೇಳಿಬಿಟ್ಟೆ. ಇಲ್ಲಿ ಬರೆಯುವುದಿಲ್ಲ.